ಓದಿಯೇ ಪರೀಕ್ಷಿಸಬೇಕಾದ ಕೋಡ್

ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆದಿಡುವ ಒಂದು ಕಡತವಿದೆ. 2019ರ ಜುಲೈನಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಆ ಕಡತದಲ್ಲಿ ಫ್ಲಾಪಿ ಡಿಸ್ಕ್ ಡ್ರೈವರ್‌ನ ಸ್ಥಿತಿಯನ್ನು ‘ಅನಾಥ’ ಎಂದು ಬದಲಿಸಿದರು. ಅದನ್ನು ನೋಡಿಕೊಳ್ಳುತ್ತಿದ್ದವರ ಬಳಿ ಕೆಲಸ ಮಾಡುವ ಫ್ಲಾಪಿ ಡ್ರೈವ್ ಉಳಿದಿರಲಿಲ್ಲ ಎಂಬುದೇ ಕಾರಣ. ಹಾಗೆಂದು ಡ್ರೈವರನ್ನೇ ಕಿತ್ತುಹಾಕುವಂತಿರಲಿಲ್ಲ. ಅಸಲಿ ಫ್ಲಾಪಿ ಡ್ರೈವ್‌ಗಳು ಮೂಲೆ ಸೇರಿ ವರ್ಷಗಳಾಗಿದ್ದರೂ, ದೊಡ್ಡ ಸರ್ವರ್‌ಗಳೊಳಗೆ ಓಡುವ ವರ್ಚುವಲ್ ಕಂಪ್ಯೂಟರ್‌ಗಳಲ್ಲಿ ಫ್ಲಾಪಿ ಕಂಟ್ರೋಲರ್‌ನ ಅನುಕರಣೆ ಉಳಿದುಕೊಂಡಿದೆ. ಅಲ್ಲೆಲ್ಲ ಈ ಕೋಡ್ ಇನ್ನೂ ಜೀವಂತ. 1991–92ರಲ್ಲಿ ಟೊರ್ವಾಲ್ಡ್ಸ್ ಅವರೇ ಬರೆಯತೊಡಗಿದ ಕೋಡ್ ಅದು. ಅನಾಥ ಎಂದು ಬರೆದ ಏಳು ತಿಂಗಳಿಗೆ, 2020ರ ಫೆಬ್ರುವರಿಯಲ್ಲಿ, ಅದರಲ್ಲಿ ಒಂದು ಭದ್ರತಾ ದೋಷವನ್ನು ಅವರೇ ಸರಿಪಡಿಸಬೇಕಾಗಿ ಬಂತು.

ಆ ದೋಷವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಈ ಲೇಖನದ ವಾದವೆಲ್ಲ ಅದರೊಳಗಿದೆ. ಒಂದು ಕಂಪ್ಯೂಟರಿನಲ್ಲಿ ಎರಡು ಫ್ಲಾಪಿ ಕಂಟ್ರೋಲರ್‌ಗಳು ಇರಬಹುದು. ಈಗ ಯಾವುದರ ಜೊತೆ ವ್ಯವಹಾರ ನಡೆದಿದೆ ಎಂಬುದನ್ನು ಒಂದು ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟಿದ್ದರು. ಸೊನ್ನೆ ಅಥವಾ ಒಂದು. ಇಡೀ ಡ್ರೈವರ್‌ನಲ್ಲಿ ಕಂಟ್ರೋಲರ್‌ನ ಮಾಹಿತಿ ಬೇಕಾದಾಗಲೆಲ್ಲ ‘ಎಫ್‌ಡಿಸಿಎಸ್’ ಎಂಬ ನಾಲ್ಕಕ್ಷರದ ಮ್ಯಾಕ್ರೋ (ಕೋಡಿನ ತುಣುಕಿಗೆ ಇಟ್ಟ ಚಿಕ್ಕ ಹೆಸರು) ಬಳಸುತ್ತಿದ್ದರು. ಆ ಮ್ಯಾಕ್ರೋ ಒಳಗೊಳಗೇ ಆ ಗ್ಲೋಬಲ್ ವೇರಿಯಬಲ್ಲನ್ನು ಓದಿ, ಅದರಲ್ಲಿರುವ ಸಂಖ್ಯೆಯ ಜಾಗಕ್ಕೆ ಹೋಗುತ್ತಿತ್ತು. ಓದುವವರ ಕಣ್ಣಿಗೆ ಆ ಸಂಖ್ಯೆ ಎಲ್ಲೂ ಬೀಳುತ್ತಿರಲಿಲ್ಲ. ಕಂಟ್ರೋಲರ್ ಬದಲಿಸುವ ಫಂಕ್ಷನ್ ಮೊದಲು ಹೊಸ ಸಂಖ್ಯೆಯನ್ನು ವೇರಿಯಬಲ್‌ಗೆ ತುಂಬಿ, ಆಮೇಲೆ ಅದು ಸರಿಯೇ ಎಂದು ನೋಡುತ್ತಿತ್ತು. ತಪ್ಪಿದ್ದರೆ ಒಂದು ಎಚ್ಚರಿಕೆ ಬರೆದು ವಾಪಸಾಗುತ್ತಿತ್ತು. ಆದರೆ ತಪ್ಪು ಸಂಖ್ಯೆ ಅಷ್ಟರಲ್ಲಿ ಅಲ್ಲಿ ಕೂತಾಗಿತ್ತು. ಮುಂದೆ ಯಾರೋ ಆ ಮ್ಯಾಕ್ರೋ ಬಳಸಿದಾಗ ಕರ್ನಲ್ ತನ್ನದಲ್ಲದ ಮೆಮೊರಿಯನ್ನು ಓದುತ್ತಿತ್ತು.

ಟೊರ್ವಾಲ್ಡ್ಸ್ ಹಾಕಿದ ಪ್ಯಾಚ್, ಎಂದರೆ ಕೋಡಿನ ತಿದ್ದುಪಡಿ, ಚಿಕ್ಕದು: ಮೊದಲು ಪರೀಕ್ಷಿಸು, ಆಮೇಲೆ ತುಂಬು. ಆದರೆ ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಅದರ ಬೆನ್ನಿಗೇ ವಿಲ್ಲಿ ಟಾರೋ ಎಂಬ ಹಿರಿಯ ಡೆವಲಪರ್ ಪ್ಯಾಚ್‌ಗಳ ದೊಡ್ಡದೊಂದು ಸರಣಿ ಕಳಿಸಿ, ಆ ಬಚ್ಚಿಟ್ಟ ಮ್ಯಾಕ್ರೋಗಳನ್ನು ಒಂದೊಂದಾಗಿ ಬಿಡಿಸಿ, ಯಾವ ಕಂಟ್ರೋಲರ್, ಯಾವ ಡ್ರೈವ್ ಎಂಬುದು ಪ್ರತಿ ಸಾಲಿನಲ್ಲೂ ಕಾಣುವಂತೆ ಬರೆದರು. ಆ ಸರಣಿಯಿಂದ ಫ್ಲಾಪಿಗೆ ಹೊಸ ಸಾಮರ್ಥ್ಯವೇನೂ ಬರಲಿಲ್ಲ, ವೇಗವೂ ಹೆಚ್ಚಲಿಲ್ಲ. ಹೊರಗಿನವರಿಗೆ ಅದು ಬರಿಯ ಅಲಂಕಾರದ ಕೆಲಸದಂತೆ ಕಂಡೀತು. ಆದರೆ ಅಂಥ ತಪ್ಪು ಮತ್ತೊಮ್ಮೆ ನಡೆದರೆ ಓದುವವರ ಕಣ್ಣಿಗೆ ಬೀಳುವಂತೆ ಮಾಡಿದ್ದು ಆ ಕೆಲಸವೇ. ಡ್ರೈವರ್ ಕೋಡಿನ ಶೈಲಿಯನ್ನು ಶುಚಿಗೊಳಿಸುವ ಕೆಲಸಕ್ಕೆ ನಮ್ಮ ತಂತ್ರಾಂಶ ಲೋಕದಲ್ಲಿ ಸಿಗುವ ಗೌರವ ತೀರಾ ಕಡಿಮೆ. ಅದನ್ನು ಸುರಕ್ಷತೆಯ ಕೆಲಸವೆಂದೇ ಎಣಿಸಬೇಕು, ಅದಕ್ಕೆ ಸಮಯ ಮತ್ತು ಸಂಬಳ ಎರಡನ್ನೂ ಕೊಡಬೇಕು ಎಂಬುದು ನನ್ನ ವಾದ.

ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಂಗೂ ಒಂದು ನಿರ್ದಿಷ್ಟ ಯಂತ್ರಭಾಗಕ್ಕೂ ನಡುವೆ ನಿಂತು ಮಾತುಕತೆ ನಡೆಸುವ ಕೋಡ್. ವೈ-ಫೈ ಚಿಪ್, ಟಚ್‌ಸ್ಕ್ರೀನ್, ಕ್ಯಾಮೆರಾ, ಪ್ರಿಂಟರ್, ಹಾರ್ಡ್ ಡಿಸ್ಕ್, ಹೀಗೆ ಪ್ರತಿಯೊಂದಕ್ಕೂ ಒಂದೊಂದು ಡ್ರೈವರ್ ಬೇಕು. ಲಿನಕ್ಸ್ ಕರ್ನಲ್‌ನ ಕೋಟ್ಯಂತರ ಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡ್ರೈವರ್‌ಗಳದೇ. ನಮ್ಮ ಕಿಸೆಯ ಆಂಡ್ರಾಯ್ಡ್ ಫೋನುಗಳೆಲ್ಲ ಇದೇ ಕರ್ನಲ್ ಮೇಲೆ ನಿಂತಿವೆ. ಬಹುತೇಕ ಡ್ರೈವರ್‌ಗಳು ಕರ್ನಲ್‌ನ ಒಳಮನೆಯಲ್ಲೇ ಓಡುವುದರಿಂದ ಅಲ್ಲಿ ಆದ ತಪ್ಪಿಗೆ ಇಡೀ ಯಂತ್ರ ಮಲಗಿಬಿಡುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತದ್ದನ್ನು, ಬೆಂಗಳೂರು ಸೇರಿ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಕೈಬರಹದಲ್ಲಿ ಕೆಲಸ ನಡೆಸಿದ್ದನ್ನು ಓದುಗರು ಮರೆತಿರಲಾರರು. ಆ ದೋಷಕ್ಕೆ ಶೈಲಿ ಕಾರಣವಾಗಿರಲಿಲ್ಲ. ಅಪ್‌ಡೇಟ್‌ನ ನಮೂನೆಯಲ್ಲಿ 21 ಅಂಶಗಳಿದ್ದು, ಅದನ್ನು ಓದುವ ಕೋಡಿಗೆ 20 ಮಾತ್ರ ಸಿಗುತ್ತಿತ್ತು. ಆದರೆ ಡ್ರೈವರ್ ಮಟ್ಟದಲ್ಲಿ ಆದ ಸಣ್ಣದೊಂದು ಎಣಿಕೆಯ ತಪ್ಪು ಎಷ್ಟು ದೂರ ಹರಡುತ್ತದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಬೇರೆ ತಂತ್ರಾಂಶಗಳಿಗೂ ಡ್ರೈವರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬ್ಯಾಂಕಿನ ಆ್ಯಪ್ ಬದಲಿಸಿದರೆ ಅದನ್ನು ಓಡಿಸಿ ನೋಡಬಹುದು, ಸಾವಿರ ಪರೀಕ್ಷೆಗಳನ್ನು ರಾತ್ರೋರಾತ್ರಿ ನಡೆಸಬಹುದು. ಡ್ರೈವರ್ ಓಡಿಸಲು ಆ ಯಂತ್ರಭಾಗವೇ ಕೈಯಲ್ಲಿರಬೇಕು. ಒಂದೇ ವೈ-ಫೈ ಚಿಪ್‌ನ ನಾಲ್ಕಾರು ಆವೃತ್ತಿಗಳಿರುತ್ತವೆ, ಪ್ರತಿಯೊಂದಕ್ಕೂ ಅದರದೇ ಕೊರತೆಗಳಿರುತ್ತವೆ. ಡ್ರೈವರನ್ನು ಒಪ್ಪಿಕೊಳ್ಳಬೇಕಾದ ಮೇಂಟೇನರ್ ಬಳಿ ತನ್ನ ವಿಭಾಗದ ನೂರಾರು ಸಾಧನಗಳಲ್ಲಿ ಬೆರಳೆಣಿಕೆಯಷ್ಟು ಇದ್ದರೆ ಹೆಚ್ಚು. ಕರ್ನಲ್‌ಗೆ ಬರುವ ಎಷ್ಟೋ ಪ್ಯಾಚ್‌ಗಳ ಜೊತೆ ‘ಕಂಪೈಲ್ ಮಾಡಿ ಮಾತ್ರ ನೋಡಿದ್ದೇನೆ’ ಎಂಬ ಪ್ರಾಮಾಣಿಕ ಟಿಪ್ಪಣಿ ಇರುತ್ತದೆ. ಎಂದರೆ, ಬದಲಾವಣೆ ಸರಿಯೇ ಎಂದು ತಿಳಿಯಲು ಉಳಿದಿರುವ ದಾರಿ ಒಂದೇ: ಕೂತು ಓದುವುದು. ಸಾಧನ ಕೈಗೆ ಸಿಗದ ಕಡೆ ಓದುವುದೇ ಪರೀಕ್ಷೆ. ಓದಲಾಗದಂತೆ ಬರೆದ ಡ್ರೈವರ್ ಪರೀಕ್ಷೆಯಿಂದ ತಪ್ಪಿಸಿಕೊಂಡ ಡ್ರೈವರ್.

ಶೈಲಿ ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಸ್ಪೇಸ್ ಮತ್ತು ಟ್ಯಾಬ್‌ಗಳ ಜಗಳ. ಲಿನಕ್ಸ್‌ನ ಶೈಲಿ ಕೈಪಿಡಿಯಲ್ಲಿ ಅದೂ ಇದೆ. ಒಳಸರಿಕೆ ಎಂಟು ಅಕ್ಷರದಷ್ಟು ಅಗಲವಿರಬೇಕು, ಮೂರು ಹಂತಕ್ಕಿಂತ ಆಳಕ್ಕೆ ಇಳಿದರೆ ಫಂಕ್ಷನ್ನನ್ನೇ ಸರಿಪಡಿಸಿಕೊಳ್ಳಿ ಎನ್ನುತ್ತದೆ ಅದು. ಈ ಎಂಟಕ್ಷರದ ನಿಯಮ ಕಣ್ಣಿನ ಚೆಂದಕ್ಕೆ ಇಟ್ಟದ್ದಲ್ಲ. ಷರತ್ತಿನೊಳಗೆ ಷರತ್ತು, ಅದರೊಳಗೆ ಲೂಪ್, ಅದರೊಳಗೆ ಮತ್ತೆ ಷರತ್ತು ಎಂದು ಸುತ್ತಿಕೊಂಡು ಹೋದರೆ ಸಾಲು ಪರದೆಯ ಬಲತುದಿಗೆ ತಾಗಿ, ಬರೆಯುವವರನ್ನು ಅಲ್ಲೇ ತಡೆಯುತ್ತದೆ. ಆದರೆ ಕೈಪಿಡಿಯ ಬೆಲೆಬಾಳುವ ಭಾಗ ಇದರ ಆಚೆಗಿದೆ. ಒಂದು ಫಂಕ್ಷನ್ ಒಂದೇ ಕೆಲಸ ಮಾಡಲಿ; ನಡುವೆ ತೊಂದರೆಯಾದಾಗ ಪಡೆದ ಮೆಮೊರಿ, ಹಾಕಿದ ಬೀಗಗಳನ್ನೆಲ್ಲ ಹಿಂದಿರುಗಿಸುವ ದಾರಿ ಫಂಕ್ಷನ್‌ನ ಕೊನೆಯಲ್ಲಿ ಒಂದೇ ಕಡೆ ಇರಲಿ; ಹೊರಗಿನ ವೇರಿಯಬಲ್‌ನ ಹೆಸರನ್ನು ಗುಟ್ಟಾಗಿ ನೆಚ್ಚಿಕೊಂಡ ಮ್ಯಾಕ್ರೋ ಬೇಡ. ಈ ಕೊನೆಯ ನಿಯಮವನ್ನು ಫ್ಲಾಪಿ ಡ್ರೈವರ್‌ಗೆ ಮೊದಲೇ ಅನ್ವಯಿಸಿದ್ದರೆ 2020ರ ದೋಷ ಅಷ್ಟು ಕಾಲ ಅಡಗಿ ಕೂರುವುದು ಕಷ್ಟವಿತ್ತು. ಹಾಗೆಂದು ಕೈಪಿಡಿ ವೇದವಾಕ್ಯವೂ ಅಲ್ಲ. ಸಾಲಿಗೆ 80 ಅಕ್ಷರ ಎಂಬ ಹಳೆಯ ಮಿತಿ ಮೀರಿದರೆ ಎಚ್ಚರಿಸುತ್ತಿದ್ದ ಚೆಕ್‌ಪ್ಯಾಚ್ ಎಂಬ ಸಲಕರಣೆ 2020ರಿಂದ 100ರವರೆಗೆ ಸುಮ್ಮನಿರುತ್ತದೆ; ಹಟ ಹಿಡಿದು ಸಾಲು ಮುರಿದರೆ ಓದು ಇನ್ನಷ್ಟು ಕೆಡುತ್ತದೆ ಎಂದು ಅನುಭವದಿಂದ ಕಂಡುಕೊಂಡಿದ್ದರು.

ಕಣ್ಣಿಗೆ ಕಾಣುವುದಕ್ಕೂ ಯಂತ್ರ ಮಾಡುವುದಕ್ಕೂ ನಡುವೆ ಬಿರುಕು ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ 2014ರ ಫೆಬ್ರುವರಿಯ ಆಪಲ್ ಪ್ರಕರಣ ಅತ್ಯಂತ ಸ್ಪಷ್ಟ ಉದಾಹರಣೆ. ಸುರಕ್ಷಿತ ಸಂಪರ್ಕಕ್ಕೆ ಮುನ್ನ ಎದುರಿನ ಸರ್ವರ್‌ನ ಸಹಿಯನ್ನು ಪರೀಕ್ಷಿಸುವ ಸಿ ಭಾಷೆಯ ಫಂಕ್ಷನ್‌ನಲ್ಲಿ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ ಬಂದಿತ್ತು. ಮೊದಲನೆಯದು ಷರತ್ತಿಗೆ ಒಳಪಟ್ಟಿತ್ತು, ಎರಡನೆಯದಕ್ಕೆ ಯಾವ ಷರತ್ತೂ ಇರಲಿಲ್ಲ. ಎರಡನ್ನೂ ಒಂದೇ ಅಳತೆಯಲ್ಲಿ ಒಳಸರಿಸಿದ್ದರಿಂದ ಎರಡನೆಯದೂ ಷರತ್ತಿನ ಒಳಗೇ ಇದೆ ಎಂದು ಕಾಣುತ್ತಿತ್ತು. ಯಂತ್ರ ಮಾತ್ರ ಪ್ರತಿ ಸಲವೂ ಅಲ್ಲಿಂದ ನೆಗೆದು, ಸಹಿಯನ್ನು ನೋಡದೆಯೇ ‘ಎಲ್ಲ ಸರಿ’ ಎನ್ನುತ್ತಿತ್ತು. ಐಫೋನುಗಳಿಗೂ ಮ್ಯಾಕ್‌ಗಳಿಗೂ ತುರ್ತಾಗಿ ಅಪ್‌ಡೇಟ್ ಕಳಿಸಬೇಕಾಯಿತು. ಆವರಣ ಚಿಹ್ನೆ ಕಡ್ಡಾಯ ಎಂಬ ಶೈಲಿ ನಿಯಮವಿದ್ದರೆ ಇದು ತಪ್ಪುತ್ತಿತ್ತು ಎಂದು ಆಗ ಅನೇಕರು ಹೇಳಿದರು. ನ್ಯಾಯವಾಗಿ ಹೇಳಬೇಕೆಂದರೆ, ಒಂದೇ ಸಾಲಿನ ಷರತ್ತಿಗೆ ಆವರಣ ಬೇಡ ಎಂದೇ ಲಿನಕ್ಸ್‌ನ ಶೈಲಿಯೂ ಹೇಳುತ್ತದೆ. ಹಾಗಾಗಿ ಒಂದು ನಿಯಮದ ಗೆಲುವು ಸೋಲು ಇಲ್ಲಿ ಮುಖ್ಯವಲ್ಲ. ಒಳಸರಿಕೆ ಸುಳ್ಳು ಹೇಳಬಾರದು ಎಂಬುದು ಮುಖ್ಯ. 2016ರಲ್ಲಿ ಬಂದ ಜಿಸಿಸಿ 6 ಕಂಪೈಲರ್, ದಾರಿ ತಪ್ಪಿಸುವ ಒಳಸರಿಕೆ ಕಂಡರೆ ಎಚ್ಚರಿಸತೊಡಗಿತು. ಶೈಲಿಯ ಸಂಗತಿಯೆಂದು ತಳ್ಳಿಹಾಕುತ್ತಿದ್ದದ್ದು ಅಲ್ಲಿಗೆ ದೋಷದ ಪಟ್ಟಿಗೆ ಸೇರಿತು.

ಇಂಥದ್ದೇ ಇನ್ನೊಂದು ಕೆಲಸ ಕರ್ನಲ್‌ನಲ್ಲಿ ವರ್ಷಗಟ್ಟಲೆ ನಡೆಯಿತು. ಸಿ ಭಾಷೆಯ ‘ಸ್ವಿಚ್’ನಲ್ಲಿ ಒಂದು ಪ್ರಕರಣ ಮುಗಿದ ಮೇಲೆ ‘ಬ್ರೇಕ್’ ಬರೆಯದಿದ್ದರೆ ಕೋಡ್ ಸದ್ದಿಲ್ಲದೆ ಮುಂದಿನ ಪ್ರಕರಣಕ್ಕೆ ಜಾರುತ್ತದೆ. ಕೆಲವೊಮ್ಮೆ ಬರೆದವರು ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ, ಕೆಲವೊಮ್ಮೆ ಮರೆತಿರುತ್ತಾರೆ. ಹತ್ತು ವರ್ಷದ ನಂತರ ಓದುವವರಿಗೆ ಯಾವುದು ಬೇಕೆಂದದ್ದು, ಯಾವುದು ಮರೆತದ್ದು ಎಂದು ತಿಳಿಯುವುದು ಹೇಗೆ? ಗುಸ್ತಾವೊ ಸಿಲ್ವಾ ಎಂಬ ಡೆವಲಪರ್ ಇದನ್ನು ಹಟದಿಂದ ಹಿಡಿದು, ಸಾವಿರಾರು ಜಾಗಗಳಲ್ಲಿ ‘ಇದು ಬೇಕೆಂದೇ ಬಿಟ್ಟದ್ದು’ ಎಂದು ಗುರುತು ಹಾಕಿಸುವ ಕೆಲಸವನ್ನು ಮುನ್ನಡೆಸಿದರು. ಆ ಜಾಗಗಳಲ್ಲಿ ಬಹುಪಾಲು ಡ್ರೈವರ್‌ಗಳಲ್ಲೇ ಇದ್ದವು. ಗುರುತು ಹಾಕುತ್ತ ಹೋದಂತೆ ನಿಜವಾಗಿಯೂ ಮರೆತುಹೋಗಿದ್ದ ‘ಬ್ರೇಕ್’ಗಳು ಸಿಕ್ಕವು. 2019ರಲ್ಲಿ ಕರ್ನಲ್‌ನ 5.3 ಆವೃತ್ತಿಯಿಂದ ಗುರುತಿಲ್ಲದ ಜಾರುವಿಕೆಗೆ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಒಂದೊಂದು ಪ್ಯಾಚ್ ನೋಡಿದರೆ ಒಂದು ಸಾಲಿನ ಟಿಪ್ಪಣಿ. ಒಟ್ಟಾಗಿ ನೋಡಿದರೆ ಒಂದು ಜಾತಿಯ ದೋಷ ಸುಳಿವಿಲ್ಲದೆ ಒಳನುಸುಳುವ ದಾರಿಯೇ ಮುಚ್ಚಿತು.

ಅಧ್ಯಯನಗಳು ಏನು ಹೇಳುತ್ತವೆ ಎಂದು ಕೇಳುವುದು ಸಹಜ. 2001ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಲಿನಕ್ಸ್ 1.0ರಿಂದ 2.4.1ರವರೆಗಿನ ಕೋಡನ್ನು ಯಂತ್ರದಿಂದ ಜಾಲಾಡಿಸಿ, ಕೆಲವು ಬಗೆಯ ದೋಷಗಳು ಡ್ರೈವರ್‌ಗಳಲ್ಲಿ ಬೇರೆ ಭಾಗಗಳಿಗಿಂತ ಏಳು ಪಟ್ಟಿನವರೆಗೂ ಹೆಚ್ಚಿವೆ ಎಂದು ತೋರಿಸಿತು. ಹತ್ತು ವರ್ಷದ ಬಳಿಕ, 2011ರಲ್ಲಿ, ಜೂಲಿಯಾ ಲಾವಾಲ್ ಅವರಿದ್ದ ಫ್ರಾನ್ಸ್‌ನ ತಂಡ ಅದೇ ಪ್ರಯೋಗವನ್ನು 2.6 ಸರಣಿಯ ಮೇಲೆ ಮತ್ತೆ ನಡೆಸಿತು. ಕರ್ನಲ್‌ನ ಗಾತ್ರ ಆ ಅವಧಿಯಲ್ಲಿ ಎರಡು ಪಟ್ಟಿಗೂ ಹೆಚ್ಚಾಗಿತ್ತು, ಆದರೆ ಸಾಲಿಗಿಷ್ಟು ಎಂಬ ಲೆಕ್ಕದ ದೋಷಗಳು ಇಳಿದಿದ್ದವು. ಡ್ರೈವರ್‌ಗಳ ದೋಷದ ಪ್ರಮಾಣ ಫೈಲ್ ಸಿಸ್ಟಂ ಮೊದಲಾದ ಕೆಲವು ಭಾಗಗಳಿಗಿಂತಲೂ ಕೆಳಗಿಳಿದಿತ್ತು. ಈ ಸುಧಾರಣೆಯ ಪೂರ್ತಿ ಶ್ರೇಯಸ್ಸನ್ನು ಶೈಲಿಗೆ ಕಟ್ಟುವುದು ತಪ್ಪು. ದೋಷ ಹುಡುಕುವ ಸಲಕರಣೆಗಳು ಬಂದವು, ಕೆಲಸದ ಪದ್ಧತಿಯೂ ಬದಲಾಯಿತು. ಆದರೆ ಆ ಸಲಕರಣೆಗಳ ಬಗ್ಗೆ ಒಂದು ಮಾತು ಹೇಳಬೇಕು. ಲಾವಾಲ್ ತಂಡದ ಕಾಕ್ಸಿನೆಲ್ ಎಂಬ ಸಲಕರಣೆ ಕೋಡಿನಲ್ಲಿ ಒಂದು ವಿನ್ಯಾಸವನ್ನು ಹುಡುಕಿ, ಸಾವಿರಾರು ಕಡತಗಳಲ್ಲಿ ಒಂದೇ ಬಗೆಯಾಗಿ ತಿದ್ದಬಲ್ಲದು. ಒಂದೇ ಕೆಲಸವನ್ನು ನೂರು ಡ್ರೈವರ್‌ಗಳು ನೂರು ರೀತಿ ಬರೆದಿದ್ದರೆ ಹುಡುಕಲು ವಿನ್ಯಾಸವೇ ಸಿಗುವುದಿಲ್ಲ. 2010ರ ಇನ್ನೊಂದು ಅಧ್ಯಯನದಲ್ಲಿ ಬ್ಯೂಸ್ ಮತ್ತು ವೈಮರ್ 120 ಜನರಿಂದ ಕೋಡ್ ತುಣುಕುಗಳಿಗೆ ಓದುವ ಸರಾಗತೆಯ ಅಂಕ ಹಾಕಿಸಿದರು. ಆ ಅಂಕಗಳನ್ನು ಆಧರಿಸಿದ ಅವರ ಅಳತೆ, ಯಂತ್ರ ಪತ್ತೆ ಮಾಡಿದ ದೋಷಗಳ ಜೊತೆ ಗಟ್ಟಿಯಾಗಿ ತಾಳೆಯಾಯಿತು. ತಾಳೆಯಾದ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ, ನಿಜ. ಆದರೂ ಮೇಲಿನ ಪ್ರಕರಣಗಳು ತೋರಿಸುವ ದಿಕ್ಕನ್ನೇ ಇದೂ ತೋರಿಸುತ್ತದೆ.

ಈ ಶುಚಿಕಾರ್ಯ ಸಂಸ್ಥೆಯ ಮಟ್ಟದಲ್ಲಿ ಹೇಗೆ ನಡೆಯಬಹುದು ಎಂಬುದಕ್ಕೆ ಕರ್ನಲ್‌ನ ‘ಸ್ಟೇಜಿಂಗ್’ ವಿಭಾಗವನ್ನು ನೋಡಬೇಕು. 2008ರಲ್ಲಿ ಗ್ರೆಗ್ ಕ್ರೋ-ಹಾರ್ಟ್‌ಮನ್ ಇದನ್ನು ಶುರು ಮಾಡಿದರು. ಕೆಲಸ ಮಾಡುವ, ಆದರೆ ಗುಣಮಟ್ಟ ಸಾಲದ ಡ್ರೈವರ್‌ಗಳಿಗೆ ಅಲ್ಲಿ ಜಾಗ. ಏನೇನು ಸರಿಯಾಗಬೇಕು ಎಂಬ ಪಟ್ಟಿ ಡ್ರೈವರ್ ಜೊತೆಯಲ್ಲೇ ಇರುತ್ತದೆ. ಸರಿಯಾದರೆ ಮುಖ್ಯ ಭಾಗಕ್ಕೆ ಬಡ್ತಿ, ಸರಿಯಾಗದಿದ್ದರೆ ಹೊರಕ್ಕೆ. 2009ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಹೈಪರ್-ವಿ ವರ್ಚುವಲ್ ಯಂತ್ರಗಳಿಗಾಗಿ ಸುಮಾರು 20 ಸಾವಿರ ಸಾಲುಗಳ ಡ್ರೈವರ್ ಕೋಡನ್ನು ಲಿನಕ್ಸ್‌ಗೆ ಕೊಟ್ಟಾಗ ಅದು ಬಂದು ಕೂತದ್ದು ಇಲ್ಲೇ. ಆ ಕೋಡ್ ವಿಂಡೋಸ್ ರೂಢಿಯಲ್ಲಿತ್ತು: ಉದ್ದುದ್ದ ಮಿಶ್ರಾಕ್ಷರದ ಹೆಸರುಗಳು, ಲಿನಕ್ಸ್‌ನ ಸೌಲಭ್ಯಗಳನ್ನೇ ಬೇರೆ ಹೆಸರಿನಲ್ಲಿ ಸುತ್ತಿಟ್ಟ ಒಂದು ಮಧ್ಯದ ಪದರ. ಆ ಪದರವನ್ನು ಕಿತ್ತು, ಹೆಸರುಗಳನ್ನು ಬದಲಿಸಿ, ಫಂಕ್ಷನ್‌ಗಳನ್ನು ಒಡೆದು, ನೂರಾರು ಪ್ಯಾಚ್‌ಗಳ ನಂತರ ಅದು ಲಿನಕ್ಸ್‌ನವರು ಓದಬಲ್ಲ ಕೋಡ್ ಆಯಿತು. 2011ರಲ್ಲಿ ಬಂದ ಕರ್ನಲ್ 3.0ಗೆ ಅತಿ ಹೆಚ್ಚು ಬದಲಾವಣೆಗಳನ್ನು ಕಳಿಸಿದವರು ಮೈಕ್ರೋಸಾಫ್ಟ್‌ನ ಕೆ. ವೈ. ಶ್ರೀನಿವಾಸನ್, ಅವುಗಳಲ್ಲಿ ಹೆಚ್ಚಿನವು ಈ ಡ್ರೈವರ್‌ಗಳ ಶುಚಿಕಾರ್ಯಕ್ಕೇ ಸೇರಿದವು. ಜಗತ್ತಿನ ಬಹುದೊಡ್ಡ ತಂತ್ರಾಂಶ ಕಂಪನಿಯೊಂದು ತನ್ನ ಎಂಜಿನಿಯರ್‌ಗೆ ಈ ಕೆಲಸಕ್ಕಾಗಿ ಸಂಬಳ ಕೊಟ್ಟಿತು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ.

ಈಗ ಆಕ್ಷೇಪಗಳು. ಎಲ್ಲಕ್ಕಿಂತ ಗಂಭೀರವಾದದ್ದು: ಓಡುತ್ತಿರುವುದನ್ನು ಮುಟ್ಟಬೇಡಿ, ಶುಚಿ ಮಾಡಲು ಹೋಗಿ ಕೆಡಿಸುತ್ತೀರಿ. ಇದಕ್ಕೆ ಇತಿಹಾಸದಲ್ಲಿ ಭಯಂಕರ ಪುರಾವೆಯೇ ಇದೆ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ತಂಡ, ಗೂಢಲಿಪಿ ಕೀಲಿಗಳನ್ನು ಹುಟ್ಟಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿ ಒಂದು ಪರೀಕ್ಷಾ ಸಲಕರಣೆ ಕೊಡುತ್ತಿದ್ದ ಎಚ್ಚರಿಕೆಗಳನ್ನು ನಿವಾರಿಸಲು ಕೆಲವು ಸಾಲುಗಳನ್ನು ನಿಷ್ಕ್ರಿಯಗೊಳಿಸಿತು. ಯಾದೃಚ್ಛಿಕ ಸಂಖ್ಯೆಗಳಿಗೆ ಬೇಕಾದ ಅನಿಶ್ಚಿತತೆ ಆ ಸಾಲುಗಳಿಂದಲೇ ಬರುತ್ತಿತ್ತು. ಅವು ಹೋದ ಮೇಲೆ ಪ್ರಾಸೆಸ್‌ನ ಕ್ರಮಸಂಖ್ಯೆಯಷ್ಟೇ ಉಳಿಯಿತು. ಒಂದು ಬಗೆಯ ಕೀಲಿಗೆ ಸುಮಾರು 32 ಸಾವಿರ ಸಾಧ್ಯತೆಗಳು ಮಾತ್ರ. 2008ರ ಮೇ ತಿಂಗಳಲ್ಲಿ ಇದು ಪತ್ತೆಯಾಗುವ ಹೊತ್ತಿಗೆ ಲೋಕದ ತುಂಬ ಊಹಿಸಬಹುದಾದ ಕೀಲಿಗಳು ಹರಡಿದ್ದವು. ಈ ಪ್ರಕರಣವನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಅಲ್ಲಿ ನಡೆದದ್ದು ಏನು? ಕೋಡ್ ಏನು ಮಾಡುತ್ತಿದೆ ಎಂದು ಪೂರ್ತಿ ತಿಳಿಯದೆ ಅದರ ನಡವಳಿಕೆಯನ್ನೇ ಬದಲಿಸಿದರು, ಸಲಕರಣೆಯ ಬಾಯಿ ಮುಚ್ಚಿಸುವುದೇ ಗುರಿಯಾಯಿತು. ಶೈಲಿಯ ಶುಚಿಗೆ ಇರಬೇಕಾದ ಮೊದಲ ಕಟ್ಟಳೆಯೇ ನಡವಳಿಕೆ ಬದಲಾಗಕೂಡದು ಎಂಬುದು. ಅದನ್ನು ಪರೀಕ್ಷಿಸುವ ದಾರಿಯೂ ಇದೆ. ಒಳಸರಿಕೆ, ಹೆಸರುಗಳಂಥ ಬದಲಾವಣೆಗಳ ಹಿಂದೆ ಮುಂದೆ ಕಂಪೈಲ್ ಮಾಡಿ, ಹುಟ್ಟಿದ ಯಂತ್ರಸಂಕೇತ ಒಂದೇ ಆಗಿದೆಯೇ ಎಂದು ಹೋಲಿಸಲು ಆಬ್ಜ್‌ಡಿಫ್ ಎಂಬ ಸಣ್ಣ ಸಲಕರಣೆ ಕರ್ನಲ್ ಜೊತೆಗೇ ಬರುತ್ತದೆ. ತರ್ಕದ ತಿದ್ದುಪಡಿ ಮತ್ತು ಶೈಲಿಯ ತಿದ್ದುಪಡಿ ಒಂದೇ ಪ್ಯಾಚ್‌ನಲ್ಲಿ ಬೆರೆಯಬಾರದು ಎಂಬ ಕರ್ನಲ್‌ನ ಪದ್ಧತಿಯೂ ಈ ಭಯಕ್ಕೆ ಉತ್ತರವಾಗಿಯೇ ನಿಂತಿದೆ.

ಎರಡನೆಯ ಆಕ್ಷೇಪ ಇತಿಹಾಸದ್ದು. ಒಂದು ಸಾಲನ್ನು ಯಾರು, ಯಾವಾಗ, ಯಾಕೆ ಬರೆದರು ಎಂಬುದನ್ನು ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಲಕರಣೆ ಹೇಳುತ್ತದೆ. ಕಡತದ ಎಲ್ಲ ಸಾಲುಗಳ ಒಳಸರಿಕೆ ಬದಲಿಸಿದರೆ ಎಲ್ಲದಕ್ಕೂ ಶುಚಿ ಮಾಡಿದವರ ಹೆಸರೇ ಕಾಣುತ್ತದೆ. 2019ರ ಗಿಟ್ 2.23 ಆವೃತ್ತಿಯಿಂದ ಅಂಥ ಬದಲಾವಣೆಗಳನ್ನು ಪಕ್ಕಕ್ಕಿಟ್ಟು ಹಿಂದಿನದನ್ನು ತೋರಿಸು ಎಂದು ಹೇಳಬಹುದಾದ್ದರಿಂದ ಈ ತೊಂದರೆ ಬಹುಮಟ್ಟಿಗೆ ಕಳೆದಿದೆ. ಆದರೆ ಇದರ ಸೋದರ ಸಮಸ್ಯೆ ಕಳೆದಿಲ್ಲ. ಹಳೆಯ ಆವೃತ್ತಿಗಳನ್ನು ವರ್ಷಗಟ್ಟಲೆ ಕಾಪಾಡುವವರು ಹೊಸ ದೋಷ ಪರಿಹಾರವನ್ನು ಹಿಂದಕ್ಕೆ ಒಯ್ದು ಅಂಟಿಸಬೇಕಾಗುತ್ತದೆ. ಸುತ್ತಲಿನ ಸಾಲುಗಳು ಬದಲಾಗಿದ್ದರೆ ಅದು ಅಂಟುವುದಿಲ್ಲ. ಸ್ಥಿರ ಆವೃತ್ತಿಗಳಿಗೆ ಸ್ಪೇಸ್, ಕಾಗುಣಿತದಂಥ ತಿದ್ದುಪಡಿ ಬೇಡವೇ ಬೇಡ ಎಂದು ಕರ್ನಲ್‌ನ ನಿಯಮ ಹೇಳುವುದರಿಂದ ಹಳೆಯದೂ ಹೊಸದೂ ದೂರವಾಗುತ್ತ ಹೋಗುತ್ತವೆ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದ್ದರಿಂದಲೇ ಯಾರೂ ಮುಟ್ಟದೆ ನೆಮ್ಮದಿಯಾಗಿ ಓಡುತ್ತಿರುವ ಹಳೆಯ ಡ್ರೈವರನ್ನು ಚೆಕ್‌ಪ್ಯಾಚ್ ದೂರುತ್ತದೆ ಎಂಬ ಒಂದೇ ಕಾರಣಕ್ಕೆ ಕೆದಕಬಾರದು. ಡ್ರೈವರ್ ಹೊಸದಾಗಿ ಒಳಬರುವಾಗ, ಇಲ್ಲವೇ ದೋಷವೊಂದು ಸಿಕ್ಕಿ ಅದನ್ನು ಹೇಗೂ ಆಳವಾಗಿ ಓದಬೇಕಾಗಿ ಬಂದಾಗ ಶುಚಿ ಮಾಡಬೇಕು. ಫ್ಲಾಪಿಯಲ್ಲಿ ಆದದ್ದೂ ಹೀಗೆಯೇ.

ಇನ್ನು, ಸಣ್ಣಪುಟ್ಟ ಪ್ಯಾಚ್‌ಗಳ ಮಹಾಪೂರದಲ್ಲಿ ಮೇಂಟೇನರ್‌ಗಳ ಸಮಯ ಕೊಚ್ಚಿಹೋಗುತ್ತದೆ, ರೆಸ್ಯೂಮೆಗೊಂದು ಸಾಲು ಸೇರಿಸಲು ಬರುವವರೇ ಹೆಚ್ಚು ಎಂಬ ದೂರು. ಮುಕ್ತ ತಂತ್ರಾಂಶಕ್ಕೆ ಕೊಡುಗೆ ಕೊಡಲು ಉತ್ತೇಜಿಸುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಭಿಯಾನದಲ್ಲಿ 2020ರಲ್ಲಿ ಉಚಿತ ಟೀ-ಶರ್ಟ್‌ಗಾಗಿ ಅರ್ಥವಿಲ್ಲದ ತಿದ್ದುಪಡಿಗಳು ಸುರಿದು, ಕೊನೆಗೆ ಆಯೋಜಕರು ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳಿಗಷ್ಟೇ ಅದನ್ನು ಸೀಮಿತಗೊಳಿಸಬೇಕಾಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಮೇಲ್ನೋಟಕ್ಕೆ ಸಣ್ಣ ಪರಿಹಾರದಂತೆ ಕಾಣುವ, ಒಳಗೆ ದೋಷ ತುಂಬಿದ ಪ್ಯಾಚ್‌ಗಳನ್ನು ಪ್ರಯೋಗಕ್ಕಾಗಿ ಕಳಿಸಿದ್ದು ಬಯಲಾಗಿ, 2021ರಲ್ಲಿ ಆ ವಿಶ್ವವಿದ್ಯಾಲಯದ ಕೊಡುಗೆಗಳನ್ನೇ ಕೆಲಕಾಲ ತಡೆಹಿಡಿದರು. ಸಣ್ಣ ಪ್ಯಾಚ್ ಎಂದರೆ ನಿರಪಾಯ ಎಂದು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಆದರೆ ಈ ಎರಡೂ ಘಟನೆಗಳು ಹೇಳುವುದು ಪ್ರತಿ ಪ್ಯಾಚನ್ನೂ ಓದುವವರು ಬೇಕು ಎಂದು. ಹೊಸಬರು ಸುರಕ್ಷಿತವಾಗಿ ಕೆಲಸ ಕಲಿಯಲು ಸ್ಟೇಜಿಂಗ್‌ನಂಥ ಪ್ರತ್ಯೇಕ ಅಂಗಳ ಇರುವುದು ಅದಕ್ಕಾಗಿಯೇ. ಔಟ್‌ರೀಚಿ ಎಂಬ ಇಂಟರ್ನ್‌ಶಿಪ್ ಕಾರ್ಯಕ್ರಮದ ಮೂಲಕ ಕರ್ನಲ್‌ಗೆ ಬಂದವರು ಅಲ್ಲಿನ ಶುಚಿಕಾರ್ಯದಿಂದಲೇ ಮೊದಲ ಹೆಜ್ಜೆ ಇಟ್ಟಿದ್ದಾರೆ.

ಶುಚಿ ಮಾಡಿದ್ದೆಲ್ಲ ವ್ಯರ್ಥವಾಗುವುದೂ ಉಂಟು. ಲಸ್ಟರ್ ಎಂಬ ದೊಡ್ಡ ಫೈಲ್ ಸಿಸ್ಟಂನ ಭಾಗ 2013ರಲ್ಲಿ ಸ್ಟೇಜಿಂಗ್‌ಗೆ ಬಂತು, ಐದು ವರ್ಷ ಶುಚಿ ಪ್ಯಾಚ್‌ಗಳನ್ನು ಕಂಡಿತು, 2018ರಲ್ಲಿ ಹೊರಬಿತ್ತು. ಅದರ ಅಸಲಿ ಬೆಳವಣಿಗೆ ಕರ್ನಲ್‌ನ ಹೊರಗೆ, ಬೇರೆಯೇ ಪ್ರತಿಯಲ್ಲಿ ನಡೆಯುತ್ತಿದ್ದದ್ದು ಮುಖ್ಯ ತೊಡಕು. ಕೋಡನ್ನು ನಿಜಕ್ಕೂ ಬಲ್ಲವರು ಕೈಹಾಕದೆ ಹೊರಗಿನವರು ಸ್ಪೇಸ್ ತಿದ್ದುತ್ತ ಕೂತರೆ ಮೇಲ್ಮೈಯಷ್ಟೇ ಬದಲಾಗುತ್ತದೆ. ಶುಚಿಕಾರ್ಯದ ಹೊಣೆ ಡ್ರೈವರ್ ಬರೆದ ಕಂಪನಿಯದೇ ಆಗಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇದೆಲ್ಲವನ್ನೂ ಯಂತ್ರಕ್ಕೇ ಬಿಡಬಾರದೇಕೆ ಎಂಬ ಪ್ರಶ್ನೆ ಈಚೆಗೆ ಬಲವಾಗಿದೆ. ಸ್ಪೇಸ್, ಟ್ಯಾಬ್, ಆವರಣಗಳ ಮಟ್ಟಿಗೆ ಖಂಡಿತ ಬಿಡಬೇಕು. ಗೋ ಭಾಷೆ ಹುಟ್ಟಿನಿಂದಲೇ ಹಾಗೆ ಮಾಡಿ ಒಂದು ಜಗಳವನ್ನು ಮುಗಿಸಿತು. 2022ರ ಡಿಸೆಂಬರ್‌ನಲ್ಲಿ 6.1 ಆವೃತ್ತಿಯೊಂದಿಗೆ ಕರ್ನಲ್‌ಗೆ ಕಾಲಿಟ್ಟ ರಸ್ಟ್ ಭಾಷೆಯ ಕೋಡಿಗೂ ಯಂತ್ರವೇ ರೂಪ ಕೊಡುತ್ತದೆ. ಆದರೆ ‘ಎಫ್‌ಡಿಸಿಎಸ್’ನ ಒಳಗೆ ಒಂದು ಗ್ಲೋಬಲ್ ವೇರಿಯಬಲ್ ಅಡಗಿದೆ, ಅದು ಓದುವವರನ್ನು ವಂಚಿಸುತ್ತಿದೆ ಎಂದು ಯಾವ ಫಾರ್ಮ್ಯಾಟರ್ ಕೂಡ ಹೇಳುವುದಿಲ್ಲ. ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಬರೆಯುವ ಕೋಡ್ ನೋಡಲು ಅಚ್ಚುಕಟ್ಟಾಗಿಯೇ ಇರುತ್ತದೆ. ಅದು ಆ ಚಿಪ್‌ನ ಆ ಆವೃತ್ತಿಗೆ ಸರಿಯೇ ಎಂದು ತೀರ್ಮಾನಿಸಬೇಕಾದವರು ಮನುಷ್ಯರು, ಮತ್ತು ಬರುವ ಕೋಡಿನ ರಾಶಿ ಬೆಳೆದಷ್ಟು ಅವರ ಸಂಖ್ಯೆ ಬೆಳೆದಿಲ್ಲ.

ಬೆಂಗಳೂರಿಗೆ ಈ ಮಾತು ನೇರವಾಗಿ ತಾಗುತ್ತದೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದಂದಿನಿಂದ ಚಿಪ್ ಕಂಪನಿಗಳು ಒಂದರ ಹಿಂದೊಂದು ಬಂದಿವೆ, ಲೋಕದ ತುಂಬ ಬಳಕೆಯಾಗುವ ಚಿಪ್‌ಗಳ ಡ್ರೈವರ್‌ಗಳನ್ನು ಇಲ್ಲಿನ ಬಿಎಸ್‌ಪಿ (ಬೋರ್ಡ್ ಸಪೋರ್ಟ್ ಪ್ಯಾಕೇಜ್) ತಂಡಗಳು ಬರೆಯುತ್ತಿವೆ. ಬೋರ್ಡ್ ಗ್ರಾಹಕರ ಕೈಸೇರುವ ದಿನಕ್ಕೆ ಡ್ರೈವರ್ ಓಡಿದರೆ ಸಾಕು ಎಂಬ ಲೆಕ್ಕದಲ್ಲಿ ಬರೆದ ಕೋಡ್ ಮುಖ್ಯ ಕರ್ನಲ್‌ಗೆ ಸೇರುವ ಯೋಗ್ಯತೆ ಪಡೆಯುವುದಿಲ್ಲ. ಅದನ್ನು ನೆಚ್ಚಿದ ಫೋನು, ರೂಟರ್‌ಗಳು ಹಳೆಯ ಕರ್ನಲ್‌ನಲ್ಲೇ ಸಿಕ್ಕಿಬೀಳುತ್ತವೆ, ಭದ್ರತಾ ಅಪ್‌ಡೇಟ್‌ಗಳು ತಡವಾಗುತ್ತವೆ ಅಥವಾ ಬರುವುದೇ ಇಲ್ಲ. ಕರ್ನಾಟಕದ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಸುದ್ದಿಯ ಜೊತೆಗೆ ಅದರ ಪಾಲನೆಗೆಂದು ಬಿಟ್ಟ ಭೂಮಿಯ ವಿವರವೂ ಬರುತ್ತದೆ, ಬಿಟ್ಟುವಟ್ಟ ಎಂದು. ಡ್ರೈವರ್‌ಗೂ ಅಂಥ ಏರ್ಪಾಡು ಬೇಕು. ಯೋಜನೆಯ ಗಡುವು ಹಾಕುವಾಗಲೇ ಡ್ರೈವರನ್ನು ಮುಖ್ಯ ಕರ್ನಲ್ ಒಪ್ಪುವ ಸ್ಥಿತಿಗೆ ತರುವ ತಿಂಗಳುಗಳನ್ನೂ ಸೇರಿಸಿ ಎಣಿಸಬೇಕು, ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಆ ಕೆಲಸಕ್ಕೆ ಹೊಸ ಸೌಲಭ್ಯ ಬರೆದಷ್ಟೇ ತೂಕ ಸಿಗಬೇಕು.

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಆಪರೇಟಿಂಗ್ ಸಿಸ್ಟಂ ಪಾಠ ಬಹುಮಟ್ಟಿಗೆ ಸಿದ್ಧಾಂತದಲ್ಲೇ ಮುಗಿಯುತ್ತದೆ. ಕೋಡ್ ಬರೆಯಲು ಹೇಳುತ್ತೇವೆ, ಬೇರೆಯವರ ಕೋಡ್ ಓದಲು ಹೇಳುವುದಿಲ್ಲ. ಇದನ್ನು ಬದಲಿಸಲು ದೊಡ್ಡ ಖರ್ಚು ಬೇಕಿಲ್ಲ. ಕರ್ನಲ್‌ನ ಪೂರ್ತಿ ಕೋಡ್ ಮುಕ್ತವಾಗಿದೆ, ಪ್ರತಿ ತಿದ್ದುಪಡಿಯ ಹಿಂದಿನ ಕಾರಣವೂ ಅದರ ಇತಿಹಾಸದಲ್ಲಿ ಬರೆದಿದೆ. ಸ್ಟೇಜಿಂಗ್‌ನ ಒಂದು ಡ್ರೈವರ್ ತೆಗೆದುಕೊಂಡು, ಅದರ ಅತಿ ಉದ್ದದ ಫಂಕ್ಷನ್ ಏನು ಮಾಡುತ್ತದೆ ಎಂದು ವಿದ್ಯಾರ್ಥಿ ಮೊದಲು ಎರಡು ಪುಟದಲ್ಲಿ ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ ವಿವರಿಸಲಿ. ಆಮೇಲೆ ಅದರ ಹೆಸರುಗಳನ್ನೂ ಒಳಸರಿಕೆಯನ್ನೂ ತಿದ್ದಿ, ಹುಟ್ಟುವ ಯಂತ್ರಸಂಕೇತ ಬದಲಾಗಿಲ್ಲ ಎಂದು ಆಬ್ಜ್‌ಡಿಫ್‌ನಿಂದ ತೋರಿಸಲಿ. ಕೊನೆಗೆ ಅದನ್ನು ಒಡೆದು ಸರಳಗೊಳಿಸಿ, ಪ್ರತಿ ಹೆಜ್ಜೆಯನ್ನೂ ಸಹಪಾಠಿಯೊಬ್ಬರ ಮುಂದೆ ಸಮರ್ಥಿಸಿಕೊಳ್ಳಲಿ. ಆ ಸಾಧನ ಕಾಲೇಜಿನಲ್ಲಿ ಇಲ್ಲದಿದ್ದರೂ ಈ ಅಭ್ಯಾಸ ನಡೆಯುತ್ತದೆ. ಅದನ್ನು ಒಪ್ಪಬೇಕಾದ ಮೇಂಟೇನರ್ ಬಳಿಯೂ ಬಹುಶಃ ಅದು ಇರುವುದಿಲ್ಲ.